ಹುಬ್ಬಳ್ಳಿ-ಧಾರವಾಡದ ಕೇರ್‌ಟೇಕರ್ ಏಜೆನ್ಸಿಗಳು: ಎತ್ತಿ ಕೂರಿಸಿದ್ದು ನೋಡಿದ ಮೇಲೆಯೇ ಹೂಂ ಅನ್ನಿ

ಅಂಗವಿಕಲರ ಆರೈಕೆಗೆ ಆಳು ಬೇಕೆಂದು ಅವಳಿ ನಗರದ ಏಜೆನ್ಸಿಗಳಿಗೆ ಫೋನ್ ಮಾಡಿದರೆ ಕೇಳುವುದು ಮೂರೇ ಮಾತು: ಗಂಡಸೋ ಹೆಂಗಸೋ, 12 ತಾಸೋ 24 ತಾಸೋ, ಯಾವಾಗಿಂದ? ಆಳು ಬೇಗ ಸಿಗುತ್ತಾರೆ, ಅದು ಈ ಸೇವೆಯ ದೊಡ್ಡ ಗುಣ. ಆದರೆ ‘ಎಲ್ಲಾ ಕೆಲಸ ಬರ್ತದ್ರೀ’ ಅನ್ನುವ ಮಾತನ್ನು ನೆಚ್ಚಬೇಡಿ. ಬೆನ್ನುಹುರಿಗೆ ಪೆಟ್ಟಾದವರನ್ನು ಎತ್ತುವ ರೀತಿ ಬೇರೆ, ಪಾರ್ಶ್ವವಾಯು ಆದವರನ್ನು ಎತ್ತುವ ರೀತಿ ಬೇರೆ.

ಪಗಾರದ ಮಾತಿಗೆ ಮೊದಲು ಅರ್ಧ ದಿನ ಕರೆಸಿ, ಮಂಚದಿಂದ ಗಾಲಿಕುರ್ಚಿಗೆ ಕೂರಿಸಿ ತೋರಿಸಲು ಹೇಳಿ. ಬಲ್ಲವರು ಕುರ್ಚಿಯನ್ನು ಶಕ್ತಿ ಇರುವ ಕೈಕಾಲಿನ ಕಡೆಗೆ ಓರೆಯಾಗಿ ನಿಲ್ಲಿಸುತ್ತಾರೆ. ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಸರಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿ, ‘ಒಂದು, ಎರಡು, ಮೂರು’ ಎಂದು ಎಣಿಸಿ ಏಳಿಸುತ್ತಾರೆ. ಕಂಕುಳಿಗೆ ಕೈ ಹಾಕಿ ಎಳೆಯಲು ಹೋದರೆ ಅಲ್ಲಿಗೇ ತಡೆಯಿರಿ. ಪಾರ್ಶ್ವವಾಯು ಆದ ಕಡೆ ಭುಜದ ಸ್ನಾಯು ಹಲವರಲ್ಲಿ ಸಡಿಲವಾಗಿರುತ್ತದೆ. ಹಾಗೆ ಎಳೆದರೆ ಕೀಲು ಜಾರಬಹುದು. ಆಮೇಲೆ ಕುರ್ಚಿಯಲ್ಲಿ ಕೂತವರನ್ನೇ ಕೇಳಿ, ಹೆದರಿಕೆ ಆಯಿತೇ ಎಂದು. ಏಜೆನ್ಸಿಯವರು ಮಗನನ್ನೋ ಸೊಸೆಯನ್ನೋ ಕೇಳಿ ಮಾತು ಮುಗಿಸಿಬಿಡುವುದು ತೀರಾ ತಪ್ಪು. ಝಳಕ ಮಾಡಿಸಿಕೊಳ್ಳುವ ಮೈ ಯಾರದೋ, ಆಯ್ಕೆಯೂ ಅವರದೇ.

ಕೆಲಸಗಳನ್ನು ಹೊತ್ತಿನ ಪ್ರಕಾರ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮಂಚದ ಹತ್ತಿರ ಅಂಟಿಸಿ. ಮಲಗಿದಲ್ಲೇ ಇರುವವರನ್ನು ಸುಮಾರು 2 ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಬಟ್ಟೆ ಬದಲಿಸುವಾಗ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಎಲುಬಿನ ಮೇಲೆ ಕಣ್ಣಿರಲಿ. ಒತ್ತಿದರೂ ಮಾಸದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಮೊದಲ ಗುರುತು, ಆ ಮಗ್ಗುಲಿಗೆ ಭಾರ ಬೀಳಬಾರದು. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಚೀಲ ಖಾಲಿ ಮಾಡುವುದು ಕೇರ್‌ಟೇಕರ್ ಕೆಲಸ. ಕ್ಯಾಥೆಟರ್ (ಮೂತ್ರ ಹೊರಬರುವ ನಳಿಕೆ) ಬದಲಿಸುವುದು, ಇಂಜೆಕ್ಷನ್ ಕೊಡುವುದು ತರಬೇತಿ ಪಡೆದ ನರ್ಸ್ ಕೆಲಸ. ಕಡಿಮೆ ದರದ ಆಳಿಗೆ ಇವನ್ನೂ ವಹಿಸುವ ಏಜೆನ್ಸಿ ಬೇಡವೇ ಬೇಡ.

ಊಟದಲ್ಲಿ ಎಡವುವುದು ಹೆಚ್ಚು. ನುಂಗಲು ಕಷ್ಟ ಇರುವವರಿಗೆ ರೊಟ್ಟಿ ಮುರಿದು ತೆಳು ಸಾರಿನಲ್ಲಿ ನೆನೆಸಿ ಕೊಟ್ಟರೆ ಮೆತ್ತಗಾಯಿತು ಅನಿಸುತ್ತದೆ. ಆದರೆ ಸಾರು ಮೊದಲು ಗಂಟಲಿಗೆ ಜಾರಿ ನೆತ್ತಿಗೇರುತ್ತದೆ, ತುಣುಕು ಬಾಯಲ್ಲೇ ಉಳಿಯುತ್ತದೆ. ಎಲ್ಲವನ್ನೂ ಒಂದೇ ಹದಕ್ಕೆ ನುಣ್ಣಗೆ ಅರೆದು, ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ತಿನ್ನಿಸಬೇಕು; ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು.

ನಳದ ನೀರು ದಿನಾ ಬರದ ಓಣಿಗಳಲ್ಲಿ ಹೊಲಸಾದ ಚಾದರ ಯಾರು ಒಗೆಯಬೇಕು, ನೀರು ಯಾರು ತುಂಬಬೇಕು ಎಂಬುದನ್ನೂ ಮೊದಲೇ ಮಾತಾಡಿ. ಜಗಳ ಹುಟ್ಟುವುದು ಇಲ್ಲೇ. ಕೊಡುವ ಹಣದಲ್ಲಿ ಕೆಲಸದವರ ಕೈಗೆ ಎಷ್ಟು ಹೋಗುತ್ತದೆ, ವಾರದ ರಜೆ ಯಾವತ್ತು ಎಂದು ಕೇಳಿ. ಪಗಾರ ಸರಿಯಾಗಿ ಸಿಗದವರು ನಿಲ್ಲುವುದಿಲ್ಲ.

ಬದಲಿ ಆಳು ಬರುವ ದಿನ ಹಳಬರನ್ನು 2 ತಾಸು ಹೆಚ್ಚು ನಿಲ್ಲಿಸಿಕೊಂಡು ಹೊಸಬರಿಗೆ ತೋರಿಸಲು ಹೇಳಿ, ಆ 2 ತಾಸಿನ ದುಡ್ಡು ಬೇರೆ ಕೊಡಿ.