ಕೌಂಟರ್ ಕ್ಲೇಮ್ ತಕರಾರಿಗೆ ಅಂಟಿಸುವ ಬಾಲವಲ್ಲ: ಒಂದು ಸಿದ್ಧ ಡ್ರಾಫ್ಟ್ ಸೆಟ್‌ನ ವಿಮರ್ಶೆ

ವಾಣಿಜ್ಯ ದಾವೆಗಳಲ್ಲಿ ಪ್ರತಿವಾದಿಯ ಪರ ನಿಲ್ಲುವ ವಕೀಲರಿಗೆಂದು ಮಾರುವ ಸೆಟ್ ಇದು. ಒಳಗೆ ನಾಲ್ಕು ವರ್ಡ್ ಫೈಲುಗಳಿವೆ: ಕೌಂಟರ್ ಕ್ಲೇಮ್ (ಪ್ರತಿವಾದಿ ವಾದಿಯ ಮೇಲೆ ತಿರುಗಿ ಹೂಡುವ ಕ್ಲೇಮ್) ಸಹಿತ ತಕರಾರು (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ), ದಾಖಲೆಗಳ ಪಟ್ಟಿ, ಸ್ಟೇಟ್‌ಮೆಂಟ್ ಆಫ್ ಟ್ರೂತ್ (ಬರೆದದ್ದು ನಿಜವೆಂಬ ಪ್ರಮಾಣದ ಹೇಳಿಕೆ), ಕೌಂಟರ್ ಕ್ಲೇಮಿಗೆ ವಾದಿಯ ಉತ್ತರ. ಮಾರುವವರ ಹೆಸರು ಇಲ್ಲಿ ಬೇಡ.

ಮೊದಲು ಮೆಚ್ಚುವ ಅಂಶ. ಶೀರ್ಷಿಕೆಯಲ್ಲೇ 'ತಕರಾರು ಮತ್ತು ಕೌಂಟರ್ ಕ್ಲೇಮ್' ಎಂದಿದೆ, ಕೌಂಟರ್ ಕ್ಲೇಮಿಗೆ ಪ್ರತ್ಯೇಕ ಭಾಗವೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 8 ರೂಲ್ 6ಬಿ ಕೇಳುವುದು ಇದನ್ನೇ. ತಾನು ಕೌಂಟರ್ ಕ್ಲೇಮ್ ಮಾಡುತ್ತಿದ್ದೇನೆಂದು ಪ್ರತಿವಾದಿ ತಕರಾರಿನಲ್ಲಿ ನಿರ್ದಿಷ್ಟವಾಗಿ ಹೇಳಬೇಕು. 'ವಾದಿಯಿಂದ ನಮಗೇ ಹಣ ಬರಬೇಕಿದೆ' ಎಂದು ನಡುವಿನ ಪ್ಯಾರಾದಲ್ಲಿ ತೂರಿಸಿದರೆ ಅದು ಸಾಲದು.

ತೊಂದರೆ ಶುರುವಾಗುವುದು ಆ ಭಾಗದ ಒಳಗೆ. 'ಮೇಲಿನ ಪ್ಯಾರಾಗಳನ್ನು ಇಲ್ಲಿಯೂ ಓದಿಕೊಳ್ಳತಕ್ಕದ್ದು' ಎಂಬ ಒಂದು ಸಾಲು, ಅದರ ಕೆಳಗೆ ಮೊತ್ತ, ಆಮೇಲೆ ಪ್ರಾರ್ಥನೆ (ನ್ಯಾಯಾಲಯದಿಂದ ಕೇಳುವ ಪರಿಹಾರ). ಇಷ್ಟೇ. ರೂಲ್ 6ಎ(4) ಕೌಂಟರ್ ಕ್ಲೇಮನ್ನು ವಾದಪತ್ರವೆಂದೇ ಪರಿಗಣಿಸುತ್ತದೆ, ಹಾಗಾಗಿ ಆರ್ಡರ್ 7 ಪೂರ್ತಿ ಅನ್ವಯಿಸುತ್ತದೆ. ವ್ಯಾಜ್ಯ ಕಾರಣ (ಕ್ಲೇಮಿಗೆ ಆಧಾರವಾದ ಘಟನೆ) ಏನು, ಅದು ಯಾವಾಗ ಹುಟ್ಟಿತು, ಈ ನ್ಯಾಯಾಲಯಕ್ಕೆ ಅಧಿಕಾರ ಹೇಗೆ, ಮೌಲ್ಯ ಎಷ್ಟು, ಕೋರ್ಟ್ ಶುಲ್ಕ ಎಷ್ಟು ಎಂಬುದಕ್ಕೆಲ್ಲ ಸ್ವಂತ ಪ್ಯಾರಾ ಬೇಕು. ಕರ್ನಾಟಕದಲ್ಲಿ 1958ರ ಕೋರ್ಟ್ ಶುಲ್ಕ ಕಾಯ್ದೆಯ ಕಲಂ 8ರ ಪ್ರಕಾರ ಕೌಂಟರ್ ಕ್ಲೇಮಿಗೂ ವಾದಪತ್ರದಂತೆಯೇ ಶುಲ್ಕ ಕಟ್ಟಬೇಕು. ಸೆಟ್‌ನಲ್ಲಿ ಮೌಲ್ಯಮಾಪನದ ಪ್ಯಾರಾವೇ ಇಲ್ಲ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಹೇಳುವ ದಾವೆಪೂರ್ವ ಮಧ್ಯಸ್ಥಿಕೆಯ ಬಗ್ಗೆಯೂ ಮೌನ. ಕೌಂಟರ್ ಕ್ಲೇಮ್ ವಾದಪತ್ರವೇ ಆದರೆ ಮಧ್ಯಸ್ಥಿಕೆ ಆಯಿತೇ ಎಂದು ಎದುರಾಳಿ ಕೇಳಿಯೇ ಕೇಳುತ್ತಾರೆ. ನಿಮ್ಮ ನಿಲುವನ್ನು ಒಂದು ಪ್ಯಾರಾದಲ್ಲಿ ಮೊದಲೇ ಬರೆದಿಡಿ.

ಬಡ್ಡಿಯ ಸಾಲು ಇನ್ನೂ ಬಡವಾಗಿದೆ: 'ಸೂಕ್ತ ಬಡ್ಡಿ ಸಹಿತ'. ವಾಣಿಜ್ಯ ದಾವೆಗೆ ಆರ್ಡರ್ 7 ರೂಲ್ 2ಎ ಇದೆ. ಬಡ್ಡಿ ಕರಾರಿನ ಪ್ರಕಾರವೋ, ಕಾಯ್ದೆಯ ಪ್ರಕಾರವೋ, ಬೇರೆ ಆಧಾರದ ಮೇಲೋ, ದರ ಎಷ್ಟು, ಯಾವ ದಿನದಿಂದ ಯಾವ ದಿನದವರೆಗೆ, ಅಲ್ಲಿಯವರೆಗಿನ ಒಟ್ಟು ಬಡ್ಡಿ ಎಷ್ಟು, ಆ ನಂತರ ದಿನಕ್ಕೆ ಎಷ್ಟು ಏರುತ್ತದೆ ಎಂಬುದನ್ನು ಬಿಡಿಸಿ ಬರೆಯಬೇಕು. 18,25,000 ರೂಪಾಯಿಗೆ ಶೇ. 12ರಂತೆ ವರ್ಷಕ್ಕೆ 2,19,000 ಆಗುತ್ತದೆ, ದಿನಕ್ಕೆ 600. ಈ 600 ಎಂಬ ಅಂಕಿ ಕೌಂಟರ್ ಕ್ಲೇಮಿನಲ್ಲೇ ಕಾಣಬೇಕು.

ಅತಿ ಅಪಾಯಕಾರಿ ಎನಿಸಿದ್ದು ಕಾಲಮಿತಿಯ ಪ್ಯಾರಾ. 'ದಾವೆ ಕಾಲಮಿತಿಯೊಳಗಿರುವುದರಿಂದ ಈ ಕ್ಲೇಮೂ ಕಾಲಮಿತಿಯೊಳಗಿದೆ' ಎಂದಿದೆ. ಇದು ತಪ್ಪು. 1963ರ ಕಾಲಮಿತಿ ಕಾಯ್ದೆಯ ಕಲಂ 3(2)(ಬಿ) ಪ್ರಕಾರ, ವಾದಿ ಕೇಳುವ ಹಣದಲ್ಲಿ ಪ್ರತಿವಾದಿ ತನಗೆ ಬರಬೇಕಾದ್ದನ್ನು ವಜಾ ಮಾಡಿಕೊಳ್ಳುವ ಸೆಟ್ ಆಫ್‌ಗೆ ದಾವೆ ಹೂಡಿದ ದಿನವೇ ಲೆಕ್ಕ. ಕೌಂಟರ್ ಕ್ಲೇಮಿಗೆ ಮಾತ್ರ ಅದನ್ನು ನ್ಯಾಯಾಲಯದಲ್ಲಿ ಸಲ್ಲಿಸಿದ ದಿನ ಲೆಕ್ಕ. ಕರಾರು ಭಂಗ 2022ರ ಜೂನ್ 10ರಂದು ಆಗಿದೆ, ದಾವೆ 2025ರ ಮಾರ್ಚ್‌ನಲ್ಲಿ ಬಂದಿದೆ, ಕೌಂಟರ್ ಕ್ಲೇಮ್ ಜುಲೈ 20ಕ್ಕೆ ಸಲ್ಲುತ್ತದೆ ಎಂದುಕೊಳ್ಳಿ. ಮೂರು ವರ್ಷ ಜೂನ್‌ನಲ್ಲೇ ಮುಗಿದಿರುತ್ತದೆ. ಸಮನ್ಸ್ ಜಾರಿಯಾದಂದಿನಿಂದ ತಕರಾರಿಗೆ 120 ದಿನ ಇದೆಯಲ್ಲ ಎಂದು ಕೂತವರು ಇಲ್ಲೇ ಸಿಕ್ಕಿಬೀಳುವುದು. ಮುಂಗಡ ವಾಪಸಿನಂಥ ನಿಶ್ಚಿತ ಮೊತ್ತವಾದರೆ ಆರ್ಡರ್ 8 ರೂಲ್ 6ರಡಿ ಸೆಟ್ ಆಫ್ ಅನ್ನೂ ಪರ್ಯಾಯವಾಗಿ ಕೇಳಿಡುವುದು ಜಾಣತನ. ನಷ್ಟ ಪರಿಹಾರಕ್ಕೆ ಆ ದಾರಿಯಿಲ್ಲ, ಅದು ನಿಶ್ಚಿತ ಮೊತ್ತವಲ್ಲ.

ಆ 120 ದಿನದ ಗಡಿ ದಾಟಿದರೆ ತಕರಾರು ಸಲ್ಲಿಸುವ ಹಕ್ಕೇ ಹೋಗುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಹೇಳಿದೆ. ಸೆಟ್‌ನ ಟಿಪ್ಪಣಿ 'ಕೌಂಟರ್ ಕ್ಲೇಮನ್ನು ನಂತರವೂ ಸೇರಿಸಬಹುದು' ಎಂದು ಧೈರ್ಯ ಕೊಡುತ್ತದೆ. ಅಶೋಕ್ ಕುಮಾರ್ ಕಾಲ್ರಾ ಪ್ರಕರಣದಲ್ಲಿ (2019) ಮೂವರ ಪೀಠ ಆ ಅವಕಾಶ ಕೊಟ್ಟಿದ್ದು ನಿಜ. ಆದರೆ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಇಶ್ಯೂ ಫ್ರೇಮ್ (ತೀರ್ಮಾನಿಸಬೇಕಾದ ವಿವಾದಾಂಶಗಳ ನಿಗದಿ) ಆದ ಮೇಲೆ ಬಾಗಿಲು ಮುಚ್ಚಿತು. ಕರ್ನಾಟಕದವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ವಿಶೇಷ ಸಂದರ್ಭಗಳಲ್ಲಿ ವಾದಿಯ ಸಾಕ್ಷ್ಯ ಶುರುವಾಗುವವರೆಗೂ ಅವಕಾಶ ಇರಲೆಂದು ಪ್ರತ್ಯೇಕವಾಗಿ ಬರೆದರು, ಬಹುಮತ ಅದನ್ನು ಒಪ್ಪಲಿಲ್ಲ. ತಡವಾಗಿ ಸೇರಿಸುವಾಗಲೂ ವ್ಯಾಜ್ಯ ಕಾರಣ ತಕರಾರು ಸಲ್ಲಿಸುವ ಮುಂಚೆಯೇ, ಇಲ್ಲವೇ ಅದಕ್ಕಿರುವ ಗಡುವಿನೊಳಗೆ ಹುಟ್ಟಿರಬೇಕು ಎಂಬ ಷರತ್ತು ಹಾಗೇ ಉಳಿಯುತ್ತದೆ.

ಪ್ರಾರ್ಥನೆಯ ಒಂದು ಪರ್ಯಾಯ ಸಾಲನ್ನು ಈಗಲೇ ಅಳಿಸಿಬಿಡಿ: 'ವಾದಿಯ ವಿರುದ್ಧ ಅಥವಾ ಎರಡನೇ ಪ್ರತಿವಾದಿಯ ವಿರುದ್ಧ'. ಇದು ಅಮೆರಿಕದ ಫೆಡರಲ್ ನಿಯಮ 13(ಜಿ)ಯ ಕ್ರಾಸ್ ಕ್ಲೇಮಿನ ವಾಸನೆ. ಅಲ್ಲಿ ಸಹಪ್ರತಿವಾದಿಯ ಮೇಲೆ ಕ್ಲೇಮ್ ಮಾಡಬಹುದು. ನಮ್ಮಲ್ಲಿ ಕೌಂಟರ್ ಕ್ಲೇಮ್ ವಾದಿಯ ವಿರುದ್ಧವೇ ಇರಬೇಕು; ಸಹಪ್ರತಿವಾದಿಯೊಬ್ಬನ ಮೇಲೆ ಮಾತ್ರ ಹೂಡಲಾಗದು ಎಂದು ರೋಹಿತ್ ಸಿಂಗ್ ಪ್ರಕರಣದಲ್ಲಿ (2006) ತೀರ್ಮಾನವಾಗಿದೆ.

ನಿಮ್ಮ ಕಕ್ಷಿದಾರರು ಪಾಲುದಾರಿಕೆ ಸಂಸ್ಥೆಯಾಗಿದ್ದರೆ ನೋಂದಣಿಯ ವಿವರವನ್ನು ನೀವೇ ಸೇರಿಸಬೇಕು. ನೋಂದಣಿಯಾಗದ ಸಂಸ್ಥೆಗೆ ಪಾಲುದಾರಿಕೆ ಕಾಯ್ದೆಯ ಕಲಂ 69(3) ಹಾಕುವ ತಡೆ ಕರಾರಿನ ಮೇಲಿನ ಸೆಟ್ ಆಫ್‌ಗೂ ಇತರ ನಡವಳಿಗಳಿಗೂ ತಾಗುತ್ತದೆ. ದಾಖಲೆಗಳ ಪಟ್ಟಿ ಚೆನ್ನಾಗಿಯೇ ಇದೆ.

ಸ್ಟೇಟ್‌ಮೆಂಟ್ ಆಫ್ ಟ್ರೂತ್ ಫೈಲಿನಲ್ಲಿ ತಕರಾರಿನ ಹೆಸರು ಮಾತ್ರ ಇದೆ, ಕೌಂಟರ್ ಕ್ಲೇಮ್ ಬಿಟ್ಟುಹೋಗಿದೆ. ಎರಡನ್ನೂ ನಮೂದಿಸಿ, ಒಟ್ಟು ಪುಟಗಳ ಸಂಖ್ಯೆ ತುಂಬಿ, ಪ್ರತಿ ಪುಟಕ್ಕೂ ಕಕ್ಷಿದಾರರ ಸಹಿ ಹಾಕಿಸಿ. ಆರ್ಡರ್ 6 ರೂಲ್ 15ಎ ಪ್ರಕಾರ ಇದು ಸರಿಯಿಲ್ಲದಿದ್ದರೆ ಆ ಪ್ಲೀಡಿಂಗನ್ನು (ತಕರಾರು, ಕೌಂಟರ್ ಕ್ಲೇಮ್) ಸಾಕ್ಷ್ಯವಾಗಿ ನೆಚ್ಚಲಾಗದು, ನ್ಯಾಯಾಲಯ ತೆಗೆದುಹಾಕಲೂಬಹುದು.

ಸೆಟ್‌ನಲ್ಲಿ ದುಡ್ಡಿಗೆ ನಿಜವಾಗಿ ಬೆಲೆ ಕೊಡುವುದು ಕೊನೆಯ ಫೈಲು, ವಾದಿಯ ಉತ್ತರ. ಪ್ಯಾರಾವಾರು ಒಪ್ಪಿಗೆ, ನಿರಾಕರಣೆ, ನಿರಾಕರಣೆಗೆ ಕಾರಣ, ವಾದಿಯ ಸ್ವಂತ ವಿವರಣೆ ಎಂದು ಕಾಲಂ ಮಾಡಿದ್ದಾರೆ. ಆರ್ಡರ್ 8ರ ರೂಲ್ 6ಜಿ ಮೂಲಕ ಇಲ್ಲಿಗೂ ಬರುವ ರೂಲ್ 3ಎ ಬೇಡುವುದು ಇದನ್ನೇ. ಉತ್ತರ ಕೊಡದ ವಾದಿಯ ಮೇಲೆ ರೂಲ್ 6ಇ ಅಡಿ ನೇರ ತೀರ್ಪು ಬರಬಹುದು. ಮೊದಲ ಫೈಲನ್ನು ಪಕ್ಕಕ್ಕಿಟ್ಟು ಈ ಫೈಲಿನ ಕಾಲಂಗಳನ್ನು ಬಳಸಿ.