ಕುಂಕುಮದ ರಾಶಿಯ ಮುಂದೆ ಕಪ್ಪು-ಬಿಳುಪು ರೀಲು: ಇಲ್ಫರ್ಡ್ ಎಚ್‌ಪಿ5 ಪ್ಲಸ್

ಮೈಸೂರಿನ ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರು ಕುಂಕುಮದ ರಾಶಿಗಳ ಮುಂದೆ ನಿಲ್ಲದೆ ಬಂದದ್ದನ್ನು ನಾನು ಕಾಣೆ. ಗೋಪುರದಂತೆ ಒಟ್ಟಿದ ಕೆಂಪು, ಹಸಿರು, ನೇರಳೆ ಪುಡಿಗಳ ಎದುರು ಛಾಯಾಗ್ರಾಹಕನ ಅರ್ಧ ಕೆಲಸವನ್ನು ಬಣ್ಣವೇ ಮಾಡಿಕೊಡುತ್ತದೆ. ಆ ಸಹಾಯವಿಲ್ಲದೆ ನನಗೇನು ಕಾಣುತ್ತದೆ ಎಂದು ನೋಡಲೆಂದೇ ಇಲ್ಫರ್ಡ್ ಕಂಪನಿಯ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್‌ನ 36 ಚಿತ್ರಗಳ ರೀಲೊಂದನ್ನು ತುಂಬಿಕೊಂಡು ಹೋದೆ.

1989ರಿಂದ ಮಾರುಕಟ್ಟೆಯಲ್ಲಿರುವ ಈ ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಚುರುಕು, ಐಎಸ್‌ಒ 400; ಅಂಗಡಿಸಾಲಿನ ನೆರಳಿನಲ್ಲೂ ಟ್ರೈಪಾಡ್ ಬೇಕೆನಿಸಲಿಲ್ಲ. ಅಂದಾಜು ತಪ್ಪಿ ಎರಡು ಸ್ಟಾಪ್ ಹೆಚ್ಚು, ಅಂದರೆ ಬೇಕಾದ್ದರ ನಾಲ್ಕು ಪಟ್ಟು, ಬೆಳಕು ಬಿದ್ದ ಚಿತ್ರಗಳೂ ಚೆನ್ನಾಗಿಯೇ ಪ್ರಿಂಟ್ ಆದವು, ಆದರೆ ಬೆಳಕು ಕಡಿಮೆಯಾದಲ್ಲಿ ಮಾತ್ರ ನೆರಳಿನ ವಿವರಗಳು ಮಸಿಯಲ್ಲಿ ಮುಳುಗಿದವು. ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ಐಡಿ-11 ಎಂಬ ದ್ರಾವಣವನ್ನು ನೀರು ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಡೆವಲಪ್ ಮಾಡಿದೆ. ನಮ್ಮ ಬೇಸಿಗೆಯಲ್ಲಿ ಆ 20 ಡಿಗ್ರಿಗಾಗಿ ಬಕೆಟ್ಟಿಗೆ ಐಸ್ ಸುರಿಯಬೇಕಾಯಿತು ಎಂಬುದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಿಂಟ್ ನೋಡಿದಾಗ ಮೊದಲು ಪೆಚ್ಚಾದೆ. ಕಣ್ಣಿಗೆ ಅಷ್ಟು ಬೇರೆಯಾಗಿ ಕಂಡಿದ್ದ ಕೆಂಪು ರಾಶಿ, ಹಸಿರು ರಾಶಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ಇಳಿದಿದ್ದವು. ತಪ್ಪು ಫಿಲ್ಮಿನದಲ್ಲ, ಅದು ಎಲ್ಲ ಬಣ್ಣಗಳಿಗೂ ಸ್ಪಂದಿಸುತ್ತದೆ, ಆದರೆ ಅವುಗಳ ಹೊಳಪನ್ನಷ್ಟೇ ದಾಖಲಿಸುತ್ತದೆ. ಕೆಂಪು ಫಿಲ್ಟರ್ ಹಾಕಿದ್ದರೆ ಕುಂಕುಮ ಬೆಳ್ಳಗಾಗಿ ಹಸಿರು ಕಪ್ಪಾಗುತ್ತಿತ್ತು, ಅಂದರೆ ಆ ಆಯ್ಕೆ ನಾನು ಮಾಡಬೇಕಾಗಿದ್ದದ್ದು.

ಅದೇ ರೀಲಿನ 23ನೆಯ ಚಿತ್ರದಲ್ಲಿ ರಾಶಿಗಳು ಹಿಂದೆ ಸರಿದಿವೆ. ಅಂಗಡಿಯಾಕೆ ಚಮಚದಿಂದ ಪುಡಿ ತೆಗೆದು ಕಾಗದಕ್ಕೆ ಸುರಿಯುತ್ತಿದ್ದಾಳೆ. ಓರೆ ಬೆಳಕು ಅವಳ ಬೆರಳಿನ ಗೆಣ್ಣುಗಳ ಮೇಲೆ ಬಿದ್ದಿದೆ, ಉಗುರಿನ ಸಂದಿಯಲ್ಲಿ ಪುಡಿ ಕೂತಿರುವುದು ಕಾಣುತ್ತದೆ. ಬಣ್ಣದಲ್ಲಿ ತೆಗೆದಿದ್ದರೆ ಆ ಕೈಯನ್ನು ನಾನೇ ಗಮನಿಸುತ್ತಿರಲಿಲ್ಲ. ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳಲ್ಲಿ ಸಾಮಾನ್ಯ ಜನರ ಮುಖಗಳು ಏಕೆ ಅಷ್ಟು ಹತ್ತಿರ ಬಂದು ನಿಲ್ಲುತ್ತವೆ ಎಂಬುದರ ಒಂದು ಎಳೆ ಇಲ್ಲಿ ಸಿಕ್ಕಿತು.

ಮದುವೆಮನೆಗೆ ಈ ಫಿಲ್ಮನ್ನು ನಾನು ಹೇಳುವುದಿಲ್ಲ. ರೇಷ್ಮೆ ಸೀರೆಯ ಬಣ್ಣ ಕೇಳುವವರು ಬೈದಾರು. ಬೆಲೆಯೂ ಹಗುರವಲ್ಲ. ಹಾಗಿದ್ದೂ ಇನ್ನೊಂದು ರೀಲು ತಂದು ಫ್ರಿಜ್‌ನಲ್ಲಿ ಇಟ್ಟಿದ್ದೇನೆ, ಜೊತೆಗೆ ಒಂದು ಕೆಂಪು ಫಿಲ್ಟರನ್ನೂ ಕೊಂಡಿದ್ದೇನೆ.