ಪಾಂಪೇಗೆ ಹೋಗೋದಾ, ಹರ್ಕ್ಯುಲೇನಿಯಂಗಾ?

ಇಟಲಿಯ ನೇಪಲ್ಸ್‌ನಲ್ಲಿ ನಿಮಗೆ ಒಂದೇ ದಿನ ಬಿಡುವಿದೆ ಅಂದುಕೊಳ್ಳಿ. ಎರಡೂ ಹಳೆಯ ರೋಮನ್ ಊರುಗಳು, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹೂತುಹೋದವು. ಎರಡಕ್ಕೂ ಒಂದೇ ಲೋಕಲ್ ರೈಲು.

ಪಾಂಪೇ ದೊಡ್ಡದು, ಸುಮಾರು 66 ಹೆಕ್ಟೇರ್. ಬಂಡಿಚಕ್ರ ಕೊರೆದ ಕಲ್ಲುಬೀದಿ, ಸ್ನಾನದ ಮನೆಗಳು, ರೊಟ್ಟಿ ಬೇಯಿಸುತ್ತಿದ್ದ ಒಲೆಗಳು. ಇಡೀ ಊರೊಳಗೆ ನಡೆದಾಡಿದ ಹಾಗಿರುತ್ತದೆ. ಆದರೆ ನೆರಳು ಕಡಿಮೆ, ಜನ ಜಾಸ್ತಿ. ಬೇಸಿಗೆಯಲ್ಲಿ ಟೋಪಿ, ನೀರು ಇಲ್ಲದೆ ಹೋಗಬೇಡಿ.

ಹರ್ಕ್ಯುಲೇನಿಯಂ ಚಿಕ್ಕದು. ಎರಡು ಮೂರು ಗಂಟೆ ಸಾಕು. ಆದರೆ ಉಳಿದುಕೊಂಡಿರುವ ರೀತಿ ನೋಡಬೇಕು! ಕುದಿಯುವ ಬೂದಿ, ಅನಿಲ ನುಗ್ಗಿ ಮರವನ್ನು ಇದ್ದಿಲಾಗಿಸಿ ಹಾಗೇ ಕಾಪಾಡಿಬಿಟ್ಟಿತು. ತೊಲೆ, ಬಾಗಿಲು, ಮಂಚ, ಮಹಡಿ ಎಲ್ಲ ಕಾಣುತ್ತವೆ. ಹಳೆಯ ಕಡಲತೀರದ ದೋಣಿಮನೆಗಳಲ್ಲಿ ಸುಮಾರು 300 ಜನರ ಅಸ್ಥಿಪಂಜರ ಸಿಕ್ಕಿವೆ. ಅಲ್ಲಿ ಮಾತು ನಿಂತುಹೋಗುತ್ತದೆ.

ದಿನವಿಡೀ ನಡೆಯುವ ಹುಮ್ಮಸ್ಸು ಇದ್ದರೆ ಪಾಂಪೇ. ನನ್ನನ್ನು ಕೇಳಿದರೆ ಬೆಳಿಗ್ಗೆ ಹರ್ಕ್ಯುಲೇನಿಯಂ, ಮಧ್ಯಾಹ್ನ ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂ. 1938ರಲ್ಲಿ ಪಾಂಪೇಯಲ್ಲಿ ಸಿಕ್ಕ, ಭಾರತದಿಂದ ಹೋದ ಪುಟ್ಟ ದಂತದ ಹೆಣ್ಣುಬೊಂಬೆ ಆ ಮ್ಯೂಸಿಯಂನದ್ದೇ. ಅಷ್ಟು ದೂರದಲ್ಲಿ ನಮ್ಮ ಕಡೆಯ ಕುಸುರಿ ಕೆಲಸ ಕಂಡರೆ ಖುಷಿಯಾಗುತ್ತೆ ಅಲ್ವಾ? ಮಂಗಳವಾರ ಮಾತ್ರ ಬೇಡ, ಮ್ಯೂಸಿಯಂಗೆ ರಜೆ.